ಇಳುವರಿಯ ಲೆಕ್ಕವೂ ಸತ್ಯದ ತೂಕವೂ

ಡೋಣಿ ನದಿಯ ಎರೆಭೂಮಿಯಲ್ಲಿ ಬಾಳಿ ಬದುಕಿದ ಜನಕ್ಕೆ ‘ಇಳುವರಿ’ ಎಂಬ ಮಾತಿನ ಅರ್ಥವನ್ನು ನಿಘಂಟು ತೆರೆದು ತಿಳಿಸಬೇಕಾದ ಅಗತ್ಯವಿಲ್ಲ. ಎಕರೆಗೆ ಎಷ್ಟು ಚೀಲ ಬಿಳಿಜೋಳ ಬಂದಿತು, ತೊಗರಿ ಎಷ್ಟು ಕ್ವಿಂಟಲ್ ಇಳಿಯಿತು, ಕಬ್ಬು ಎಷ್ಟು ಟನ್ನು ತೂಗಿತು ಎಂಬುದು ಮನಗೂಳಿಯಿಂದ ಮುದ್ದೇಬಿಹಾಳದವರೆಗೆ, ಸಿಂದಗಿಯಿಂದ ಇಂಡಿಯವರೆಗೆ ಊರ ಕಟ್ಟೆಯ ಮೇಲೆ ದಿನವೂ ನಡೆಯುವ ಮಾತುಕತೆ. ಒಕ್ಕಲಿಗನ ಬಾಯಿಂದ ಬಂದ ಈ ಮಾತನ್ನೇ ಕನ್ನಡದ ರಸಾಯನಶಾಸ್ತ್ರ ಪುಸ್ತಕಗಳೂ ಎತ್ತಿಕೊಂಡಿವೆ. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಎರಡು ವಸ್ತುಗಳು ಕೂಡಿ ಮೂರನೆಯದೊಂದು ಹುಟ್ಟಿದಾಗ, ಹುಟ್ಟಿದ ವಸ್ತುವಿನ ತೂಕಕ್ಕೂ ಇಳುವರಿಯೆಂದೇ ಹೆಸರು. ಭಾಷೆಯ ದೃಷ್ಟಿಯಿಂದ ಇದು ಸಂತೋಷದ ಸಂಗತಿ. ನೆಲದಲ್ಲಿ ಬೇರು ಬಿಟ್ಟ ಶಬ್ದ ಶಾಸ್ತ್ರದಲ್ಲಿಯೂ ಬದುಕುತ್ತಿದೆ.

ಆದರೆ ಹೊಲದ ಇಳುವರಿಗೂ ಪ್ರಯೋಗಶಾಲೆಯ ಇಳುವರಿಗೂ ಒಂದು ದೊಡ್ಡ ಅಂತರವಿದೆ. ಬಿತ್ತುವ ದಿನವೇ ಕುಳಿತು, ಈ ಹೊಲ ಇಷ್ಟು ಸೇರಿಗಿಂತ ಒಂದು ಕಾಳನ್ನೂ ಹೆಚ್ಚಿಗೆ ಕೊಡಲಾರದು ಎಂದು ಲೆಕ್ಕ ಹಾಕಿ ಹೇಳಬಲ್ಲ ಒಕ್ಕಲಿಗನಿಲ್ಲ. ಮಳೆ, ಗಾಳಿ, ಬೀಜ, ಗೊಬ್ಬರ, ಹುಳು, ಹಕ್ಕಿ ಇವೆಲ್ಲ ಕೂಡಿ ಮಾಡುವ ತೀರ್ಮಾನವದು. ರಸಾಯನಶಾಸ್ತ್ರದಲ್ಲಿ ಹಾಗಲ್ಲ. ಪಾತ್ರೆಗೆ ವಸ್ತುಗಳನ್ನು ಹಾಕುವ ಮೊದಲೇ, ಒಲೆ ಹೊತ್ತಿಸುವ ಮೊದಲೇ, ಇದರಿಂದ ಹೆಚ್ಚೆಂದರೆ ಎಷ್ಟು ಬರಬಲ್ಲದು ಎಂಬುದನ್ನು ಕಾಗದದ ಮೇಲೆ ನಿಖರವಾಗಿ ಬರೆದಿಡಬಹುದು. ಈ ಮೇಲ್ಮಿತಿಗೆ ಸೈದ್ಧಾಂತಿಕ ಇಳುವರಿಯೆಂದು ಹೆಸರು. ಪ್ರಯೋಗ ಮುಗಿದ ಮೇಲೆ ತಕ್ಕಡಿಯಲ್ಲಿ ತೂಗಿದಾಗ ಕಾಣುವುದು ವಾಸ್ತವ ಇಳುವರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಇಳುವರಿ ಬರುತ್ತದೆ. ಇಷ್ಟನ್ನು ಕಂಠಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಉತ್ತೀರ್ಣನಾಗುತ್ತಾನೆ. ಆದರೆ ಈ ಸೂತ್ರದ ಒಳಗೆ ಅಡಗಿರುವ ಶಿಕ್ಷಣ ಅವನಿಗೆ ದಕ್ಕಿತೇ ಎಂಬುದೇ ಇಲ್ಲಿಯ ಪ್ರಶ್ನೆ. ಸೈದ್ಧಾಂತಿಕ ಇಳುವರಿಯ ಲೆಕ್ಕವು ಗಣಿತದ ಅಭ್ಯಾಸವಾಗಿರುವಷ್ಟೇ ಪ್ರಾಮಾಣಿಕತೆಯ ಅಭ್ಯಾಸವೂ ಆಗಿದೆ. ಹಾಗೆ ಕಲಿಸಿದಾಗಲೇ ಅದು ಸಾರ್ಥಕವಾದೀತು.

ಮೊದಲು ಲೆಕ್ಕದ ತಿರುಳನ್ನು ನೋಡುವುದು ಉಚಿತ. ಒಬ್ಬ ಬಡಿಗನ ಮನೆಯಲ್ಲಿ 10 ಗಾಲಿಗಳೂ 7 ಅಚ್ಚುಗಳೂ ಇವೆಯೆಂದು ಭಾವಿಸೋಣ. ಒಂದು ಬಂಡಿಗೆ ಎರಡು ಗಾಲಿ, ಒಂದು ಅಚ್ಚು ಬೇಕು. ಎಷ್ಟು ಬಂಡಿ ಕಟ್ಟಬಹುದು? ಐದೇ. ಎರಡು ಅಚ್ಚುಗಳು ಮೂಲೆ ಸೇರುತ್ತವೆ. ಎಣಿಕೆಯಲ್ಲಿ ಗಾಲಿಗಳೇ ಹೆಚ್ಚು. ಆದರೂ ಮೊದಲು ತೀರುವುದು ಗಾಲಿಗಳೇ. ಬಂಡಿಗಳ ಸಂಖ್ಯೆಯನ್ನು ನಿರ್ಧರಿಸುವುದು ಮೊದಲು ತೀರುವ ವಸ್ತು, ಎಣಿಕೆಯಲ್ಲಿ ಕಡಿಮೆಯಾಗಿ ಕಾಣುವ ವಸ್ತುವಲ್ಲ. ಇಂಗ್ಲಿಷಿನಲ್ಲಿ ಲಿಮಿಟಿಂಗ್ ರಿಯೇಜೆಂಟ್ ಎಂದು ಕರೆಯುವುದು ಇದನ್ನೇ. ಇದಕ್ಕೆ ಉದ್ದವಾದ ಸಂಸ್ಕೃತ ಸಮಾಸವನ್ನು ಹುಡುಕಿ ಹುಡುಗರ ನಾಲಿಗೆಗೆ ಭಾರ ಹೇರುವುದಕ್ಕಿಂತ ‘ಮೊದಲು ತೀರುವ ವಸ್ತು’ ಎಂದು ತಿಳಿಗನ್ನಡದಲ್ಲಿ ಹೇಳಿದರೆ ಹೆಸರಿನಲ್ಲಿಯೇ ಅರ್ಥ ಬೆಳಗುತ್ತದೆ. ಸಂಸ್ಕೃತವನ್ನು ಓದಿದವರು ಇದನ್ನು ಹೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಶಬ್ದಕ್ಕೆ ಗೌರವ ಬರುವುದು ಅದು ಅರ್ಥವನ್ನು ಮುಟ್ಟಿಸಿದಾಗ.

ಈಗ ಬಂಡಿಯಿಂದ ಪ್ರಯೋಗಶಾಲೆಗೆ ಬರೋಣ. ಆಸ್ಪಿರಿನ್ ಎಂಬ ಔಷಧವನ್ನು ತಲೆನೋವಿಗಾಗಿ ನುಂಗದವರು ವಿರಳ. ಜರ್ಮನಿಯ ಬಾಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಎಂಬ ರಸಾಯನಜ್ಞ 1897ರಲ್ಲಿ ಅದನ್ನು ಶುದ್ಧರೂಪದಲ್ಲಿ ತಯಾರಿಸಿದ. ಸ್ಯಾಲಿಸಿಲಿಕ್ ಆಮ್ಲವನ್ನು ಅಸಿಟಿಕ್ ಅನ್‌ಹೈಡ್ರೈಡ್‌ನೊಡನೆ, ಕೆಲವು ಹನಿ ಗಂಧಕಾಮ್ಲ ಸೇರಿಸಿ ಬಿಸಿಮಾಡಿದರೆ ಆಸ್ಪಿರಿನ್ನೂ ಅಸಿಟಿಕ್ ಆಮ್ಲವೂ ಹುಟ್ಟುತ್ತವೆ. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇದು ಚಿರಪರಿಚಿತ ಪ್ರಯೋಗ. ಅಣುಗಳು ಒಂದಕ್ಕೆ ಒಂದರಂತೆ ಕೂಡುತ್ತವೆ. ಆದರೆ ಅಣುಗಳನ್ನು ಎಣಿಸುವ ಕಣ್ಣು ಯಾರಿಗೂ ಇಲ್ಲ; ತಕ್ಕಡಿಯೊಂದೇ ಕೈಯಲ್ಲಿರುವ ಸಾಧನ. ತೂಕವನ್ನು ಎಣಿಕೆಗೆ ತಿರುಗಿಸುವ ಉಪಾಯವೇ ಮೋಲ್. ಸ್ಯಾಲಿಸಿಲಿಕ್ ಆಮ್ಲದ 138 ಗ್ರಾಮಿನಲ್ಲಿ ಎಷ್ಟು ಅಣುಗಳಿವೆಯೋ, ಅಸಿಟಿಕ್ ಅನ್‌ಹೈಡ್ರೈಡ್‌ನ 102 ಗ್ರಾಮಿನಲ್ಲಿ ಅಷ್ಟೇ ಅಣುಗಳು. ಆಸ್ಪಿರಿನ್ನಿನ 180 ಗ್ರಾಮಿನಲ್ಲಿಯೂ ಅಸಿಟಿಕ್ ಆಮ್ಲದ 60 ಗ್ರಾಮಿನಲ್ಲಿಯೂ ಅಷ್ಟೇ. 138ಕ್ಕೆ 102 ಕೂಡಿದರೆ 240. 180ಕ್ಕೆ 60 ಕೂಡಿದರೂ 240. ಜಮೆಯೂ ಖರ್ಚೂ ಸರಿಹೊಂದಿದವು.

ವಿದ್ಯಾರ್ಥಿಯೊಬ್ಬ 6.9 ಗ್ರಾಮ್ ಸ್ಯಾಲಿಸಿಲಿಕ್ ಆಮ್ಲವನ್ನೂ 10.2 ಗ್ರಾಮ್ ಅನ್‌ಹೈಡ್ರೈಡನ್ನೂ ತೆಗೆದುಕೊಂಡನೆಂದರೆ, ಮೊದಲನೆಯದು 0.05 ಮೋಲ್, ಎರಡನೆಯದು 0.1 ಮೋಲ್. ಮೊದಲು ತೀರುವುದು ಸ್ಯಾಲಿಸಿಲಿಕ್ ಆಮ್ಲ. ಅದು 5.1 ಗ್ರಾಮ್ ಅನ್‌ಹೈಡ್ರೈಡನ್ನು ಮಾತ್ರ ಕೂಡಿಕೊಳ್ಳುತ್ತದೆ, ಉಳಿದ 5.1 ಗ್ರಾಮ್ ಬಡಿಗನ ಮನೆಯ ಅಚ್ಚುಗಳಂತೆ ಹಾಗೆಯೇ ಮಿಗುತ್ತದೆ. ಬರಬಹುದಾದ ಆಸ್ಪಿರಿನ್ 0.05 ಮೋಲ್, ಅಂದರೆ 9.0 ಗ್ರಾಮ್. ಇದೇ ಸೈದ್ಧಾಂತಿಕ ಇಳುವರಿ. ಅನ್‌ಹೈಡ್ರೈಡನ್ನು ಇನ್ನೂ ಹತ್ತು ಗ್ರಾಮ್ ಸುರಿದರೂ ಈ ಒಂಬತ್ತು ಗ್ರಾಮಿನ ಗೆರೆ ಕದಲದು.

ಭಾರತೀಯ ದರ್ಶನಗಳ ಪರಿಚಯವುಳ್ಳವರಿಗೆ ಇಲ್ಲಿ ಒಂದು ಹಳೆಯ ವಾದ ನೆನಪಾಗದಿರದು. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆಯೆಂದು ಸಾಂಖ್ಯರು ಸಾಧಿಸಿದರು. ಎಳ್ಳಿನಿಂದ ಎಣ್ಣೆ ಬರುತ್ತದೆ, ಮರಳಿನಿಂದ ಬಾರದು ಎಂಬುದು ಅವರ ಪಕ್ಷದ ಪ್ರಸಿದ್ಧ ದೃಷ್ಟಾಂತ. ಕಾರ್ಯವು ಹೊಸದಾಗಿಯೇ ಹುಟ್ಟುತ್ತದೆಯೆಂದು ನೈಯಾಯಿಕರು ಎದುರುವಾದ ಹೂಡಿದರು. ಆಸ್ಪಿರಿನ್ನಿನ ಪಾತ್ರೆಯಲ್ಲಿ ಇಬ್ಬರ ಮಾತಿಗೂ ಒಂದೊಂದು ಎಡೆ ದೊರೆಯುತ್ತದೆ. ಪರಮಾಣುಗಳೆಲ್ಲ ಮೊದಲೇ ಇದ್ದವು. ಒಂದೂ ಹೊಸದಾಗಿ ಹುಟ್ಟಲಿಲ್ಲ. ಆದರೆ ಅವುಗಳ ಜೋಡಣೆ ಹೊಸದು, ಆದಕಾರಣ ಗುಣವೂ ಹೊಸದು. ಆ ದಾರ್ಶನಿಕರು ರಸಾಯನಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಅವಿವೇಕವಾದೀತು. ಅವರಲ್ಲಿ ತಕ್ಕಡಿಯಿಂದ ತೂಗಿ ನೋಡುವ ಪದ್ಧತಿ ಇರಲಿಲ್ಲ. ಸೈದ್ಧಾಂತಿಕ ಇಳುವರಿಯ ಜೀವವೇ ತಕ್ಕಡಿ. ಇಲ್ಲದ್ದು ಬಾರದು ಎಂಬ ತತ್ತ್ವವನ್ನು ಮಾತ್ರ ಹುಡುಗರಿಗೆ ಪರಿಚಿತವಾದ ಎಳ್ಳಿನ ಉದಾಹರಣೆಯಿಂದ ಮನಗಾಣಿಸಬಹುದು.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ ಬರುತ್ತದೆ. ವಿದ್ಯಾರ್ಥಿ ತನ್ನ ಆಸ್ಪಿರಿನ್ನನ್ನು ಸೋಸಿ, ತೊಳೆದು, ಒಣಗಿಸಿ ತೂಗಿದಾಗ 7.2 ಗ್ರಾಮ್ ಬಂದರೆ ಅವನ ಇಳುವರಿ ಶೇಕಡಾ 80. ಉಳಿದ 20 ಎಲ್ಲಿ ಹೋಯಿತು? ಸ್ವಲ್ಪ ಭಾಗ ತೊಳೆದ ನೀರಿನಲ್ಲಿ ಕರಗಿ ಹೋಗಿದೆ. ಸ್ವಲ್ಪ ಸೋಸುವ ಕಾಗದಕ್ಕೂ ಪಾತ್ರೆಯ ಒಳಮೈಗೂ ಅಂಟಿದೆ. ಸ್ವಲ್ಪ ಆಮ್ಲ ಕ್ರಿಯೆಗೊಳ್ಳದೆ ಉಳಿದಿರಲೂಬಹುದು. ಪ್ರತಿಯೊಂದೂ ಹುಡುಕಿ ನೋಡಬೇಕಾದ ಕಾರಣ. ಇನ್ನೊಬ್ಬನ ತಕ್ಕಡಿ 9.9 ಗ್ರಾಮ್ ತೋರಿಸಿದರೆ ಶೇಕಡಾ 110 ಆಯಿತು. ಅವನು ಜಾಣನೇ? ಅಲ್ಲ, ಅವನ ಪುಡಿ ಒದ್ದೆಯಾಗಿದೆ, ಇಲ್ಲವೇ ಅದರಲ್ಲಿ ಬೇರೆ ವಸ್ತು ಬೆರೆತಿದೆ. ಒಂಬತ್ತರ ಗೆರೆಯನ್ನು ಮೊದಲೇ ಎಳೆದಿಟ್ಟಿದ್ದರಿಂದ ಈ ಸಂಗತಿ ತಿಳಿಯಿತು. ಗೆರೆ ಇಲ್ಲದಿದ್ದರೆ 9.9 ಗ್ರಾಮ್ ಕಂಡು ಚಪ್ಪಾಳೆ ತಟ್ಟುತ್ತಿದ್ದರು. ತೂಕ ಸರಿಯಾಗಿದ್ದರೂ ಶುದ್ಧಿಯ ಪರೀಕ್ಷೆ ತಪ್ಪದು: ಫೆರಿಕ್ ಕ್ಲೋರೈಡ್ ದ್ರಾವಣವನ್ನು ಒಂದು ಹನಿ ಹಾಕಿದಾಗ ನೇರಳೆ ಬಣ್ಣ ಮೂಡಿದರೆ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆಯೆಂದೇ ಅರ್ಥ.

ಆದರೆ ಅನೇಕ ಕಡೆಗಳಲ್ಲಿ ನಡೆಯುವುದೇನು? ಇಳುವರಿ ಹೆಚ್ಚಾದಷ್ಟೂ ಅಂಕ ಹೆಚ್ಚು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅದರ ಫಲವಾಗಿ 95 ಎಂಬ ಅಂಕಿ ಮೊದಲು ಪ್ರಯೋಗಪುಸ್ತಕವನ್ನು ಸೇರುತ್ತದೆ. ಅದಕ್ಕೆ ತಕ್ಕ ತೂಕ ಹಿಂದಿನಿಂದ ಹುಟ್ಟಿಕೊಳ್ಳುತ್ತದೆ. ಪಕ್ಕದವನ ಅಂಕಿಯಿಂದ ಅರೆಪಾಲು ಕಳೆದು ಬರೆಯುವ ಚಾತುರ್ಯವೂ ಉಂಟು. ಇದನ್ನು ಸಣ್ಣ ತಪ್ಪೆಂದು ನಕ್ಕು ಬಿಡುವ ಹಿರಿಯರಿದ್ದಾರೆ. ಸಣ್ಣದಲ್ಲ. ಔಷಧವೊಂದು ಐದು ಹಂತಗಳಲ್ಲಿ ತಯಾರಾಗುತ್ತದೆಯೆಂದು ಇಟ್ಟುಕೊಂಡರೆ, ಪ್ರತಿ ಹಂತದಲ್ಲಿ ಶೇಕಡಾ 80 ಕೈಗೆ ಬಂದರೂ ಕೊನೆಗೆ ಉಳಿಯುವುದು ಸುಮಾರು 33 ಮಾತ್ರ. ಪ್ರತಿಯೊಬ್ಬನೂ ತನ್ನ ಹಂತದಲ್ಲಿ 95 ಬಂದಿತೆಂದು ಬರೆದರೆ ಕಾಗದದಲ್ಲಿ 77 ಕಾಣುತ್ತದೆ, ಉಗ್ರಾಣದಲ್ಲಿ 33 ಇರುತ್ತದೆ. ಕಾಗದಕ್ಕೂ ಉಗ್ರಾಣಕ್ಕೂ ನಡುವಣ ಆ ಕಂದಕದಲ್ಲಿ ಬೀಳುವವರು ಆ ಅಂಕಿಯನ್ನು ನಂಬಿದ ಜನ.

ಕೊರತೆಯನ್ನು ಇದ್ದಕ್ಕಿದ್ದಂತೆ ಬರೆದಿಟ್ಟವರಿಂದಲೇ ಶಾಸ್ತ್ರ ಬೆಳೆದಿದೆ ಎಂಬುದಕ್ಕೆ ಹುದುಗುವಿಕೆಯ ಇತಿಹಾಸವೇ ಸಾಕ್ಷಿ. ಸಕ್ಕರೆಯ ರಸ ಹುದುಗಿ ಮದ್ಯಸಾರವಾಗುವುದು ಮಾನವಕುಲ ಬಲ್ಲ ಅತಿ ಪ್ರಾಚೀನ ಸಾವಯವ ಕ್ರಿಯೆಗಳಲ್ಲೊಂದು. ಫ್ರಾನ್ಸಿನ ಲಾವೋಸಿಯೇ 1789ರಲ್ಲಿ ಪ್ರಕಟಿಸಿದ ತನ್ನ ರಸಾಯನಗ್ರಂಥದಲ್ಲಿ, ಹುದುಗುವ ಮೊದಲಿದ್ದ ವಸ್ತುವಿನ ಮೊತ್ತವೂ ಹುದುಗಿದ ಮೇಲಿನ ವಸ್ತುವಿನ ಮೊತ್ತವೂ ಸಮವಾಗಿರಲೇಬೇಕೆಂದು ಸಾರಿದ. ಅವನ ಕೆಲವು ತೂಕಗಳು ಸರಿಯಾಗಿರಲಿಲ್ಲವೆಂದು ಮುಂದೆ ತಿಳಿದುಬಂದರೂ ತತ್ತ್ವ ಅಚಲವಾಗಿ ನಿಂತಿತು. ತರುವಾಯ ಗೇ ಲ್ಯೂಸಾಕ್‌ನ ಹೆಸರಿನಲ್ಲಿ ರೂಢಿಗೆ ಬಂದ ಲೆಕ್ಕದಂತೆ 180 ಭಾಗ ಗ್ಲೂಕೋಸಿನಿಂದ 92 ಭಾಗ ಎಥನಾಲ್, 88 ಭಾಗ ಇಂಗಾಲದ ಡೈ ಆಕ್ಸೈಡ್ ಬರಬೇಕು. ಎಂದರೆ ನೂರು ಕಿಲೋಗೆ 51.1 ಕಿಲೋ ಎಥನಾಲ್. ಇದು ಸೈದ್ಧಾಂತಿಕ ಇಳುವರಿ.

ಲೂಯಿ ಪಾಶ್ಚರ್ ತೂಗಿ ನೋಡಿದಾಗ ಅಷ್ಟು ಬರಲಿಲ್ಲ. ನೂರಕ್ಕೆ ಸುಮಾರು ಐದು ಭಾಗ ಕಡಿಮೆಯೇ ಬಂದಿತು. ತೂಕದಲ್ಲಿ ಏನೋ ವ್ಯತ್ಯಾಸವಾಗಿರಬೇಕೆಂದು ಅವನು ಅಂಕಿಯನ್ನು ತಿದ್ದಲಿಲ್ಲ, ಕಳೆದುಹೋದದ್ದನ್ನು ಹುಡುಕಿದ. ಗ್ಲಿಸರಾಲ್ ಸಿಕ್ಕಿತು, ಸಕ್ಸಿನಿಕ್ ಆಮ್ಲ ಸಿಕ್ಕಿತು. ಒಂದು ಅಂಶವು ಯೀಸ್ಟಿನ ಮೈಯಾಗಿಯೇ ಬೆಳೆದಿತ್ತು. 1860ರಲ್ಲಿ ಪ್ರಕಟವಾದ ಅವನ ಪ್ರಬಂಧ ಈ ಲೆಕ್ಕವನ್ನು ಲೋಕದ ಮುಂದಿಟ್ಟಿತು. ಹುದುಗುವಿಕೆ ಜೀವವಿರುವ ಯೀಸ್ಟಿನ ಬಾಳುವೆಗೆ ಸಂಬಂಧಿಸಿದ ವ್ಯಾಪಾರವೆಂಬ ಅವನ ನಿಲುವಿಗೆ ಈ ಐದು ಭಾಗದ ಕೊರತೆ ದೊಡ್ಡ ಆಧಾರವಾಯಿತು. ಒಳ್ಳೆಯ ಅಂಕಗಳ ಆಸೆಗೆ ಬಿದ್ದ ವಿದ್ಯಾರ್ಥಿಯಂತೆ ಅವನೂ ನೂರಕ್ಕೆ ನೂರು ಎಂದು ಬರೆದಿದ್ದರೆ ಆ ಜ್ಞಾನದ ಬಾಗಿಲು ಅವನ ಪಾಲಿಗೆ ಮುಚ್ಚಿಯೇ ಇರುತ್ತಿತ್ತು.

ಇದು ದೂರದ ಫ್ರಾನ್ಸಿನ ಮಾತೆಂದು ಯಾರೂ ಉದಾಸೀನ ಮಾಡಲಾಗದು. ಕೃಷ್ಣೆಯ ನೀರು ಹರಿದ ಕಡೆಗಳಲ್ಲಿ ಕಬ್ಬು ಬೆಳೆದಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳೆದ್ದಿವೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ, ಕಬ್ಬಿನ ರಸದಿಂದಲೂ ಎಥನಾಲ್ ತಯಾರಾಗುತ್ತದೆ. ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. ಒಂದು ಟನ್ ಕಾಕಂಬಿಯಲ್ಲಿ ನೂರಕ್ಕೆ 45 ಭಾಗ ಹುದುಗಬಲ್ಲ ಸಕ್ಕರೆ ಇದೆಯೆಂದು ಗ್ಲೂಕೋಸಿನ ಲೆಕ್ಕದಲ್ಲಿ ಹಿಡಿದರೆ, 450 ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ 230 ಕಿಲೋ, ಅಂದರೆ ಸುಮಾರು 291 ಲೀಟರ್ ಎಥನಾಲ್ ಬರಬಹುದು. ಕೈಗೆ ಬಂದದ್ದು 250 ಲೀಟರ್ ಆದರೆ ಶೇಕಡಾ 86. ಯೀಸ್ಟು ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಬಟ್ಟಿಯಿಳಿಸುವಾಗ ಒಂದಿಷ್ಟು ಕಳೆಯುತ್ತದೆ. ಯಾರಾದರೂ 300 ಲೀಟರ್ ಬಂದಿತೆಂದರೆ, ಕಾಕಂಬಿಯ ಸಕ್ಕರೆಯನ್ನು ಅಳೆದದ್ದು ತಪ್ಪು, ಇಲ್ಲವೇ ಎಥನಾಲಿನಲ್ಲಿ ನೀರಿದೆ. ಪದವಿಪೂರ್ವ ತರಗತಿಯ ವಿದ್ಯಾರ್ಥಿಯೂ ಇದನ್ನು ಐದು ನಿಮಿಷದಲ್ಲಿ ಹೇಳಬಲ್ಲ.

ರೈತನ ಕೈಗೆ ಬರುವ ಹಣಕ್ಕೂ ಇಳುವರಿಗೂ ನೇರವಾದ ನಂಟಿದೆ. ಕೇಂದ್ರ ಸರಕಾರವು 2025-26ನೆಯ ಹಂಗಾಮಿಗೆ ಗೊತ್ತುಮಾಡಿದ ಕಬ್ಬಿನ ಬೆಲೆ ಕ್ವಿಂಟಲಿಗೆ 355 ರೂಪಾಯಿ. ಅದು ಸಕ್ಕರೆಯ ಇಳುವರಿ ಶೇಕಡಾ 10.25 ಎಂಬ ಆಧಾರದ ಮೇಲೆ. ಅದಕ್ಕಿಂತ ಮೇಲೆ ಏರಿದ ಪ್ರತಿ 0.1ಕ್ಕೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು. ಸಕ್ಕರೆಯ ಈ ಇಳುವರಿ ಹೊಸ ವಸ್ತುವಿನ ಹುಟ್ಟಲ್ಲ, ಕಬ್ಬಿನಲ್ಲಿದ್ದ ಸಕ್ಕರೆಯನ್ನು ಬೇರ್ಪಡಿಸಿದ ಪ್ರಮಾಣ ಎಂಬ ಭೇದವನ್ನು ಶಿಕ್ಷಕರು ಸ್ಪಷ್ಟಪಡಿಸಬೇಕು. ಆದರೆ ಅದನ್ನು ಕುಂದಿಸುವ ಕಾರಣಗಳಲ್ಲಿ ಒಂದು ಶುದ್ಧ ರಾಸಾಯನಿಕ ಕ್ರಿಯೆ. ಕಡಿದ ಕಬ್ಬು ಬಂಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಬಿಸಿಲಿಗೆ ದಿನಗಟ್ಟಲೆ ನಿಂತರೆ, ಅದರ ಸಕ್ಕರೆ ನೀರಿನೊಡನೆ ಕೂಡಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. 342 ಭಾಗ ಸಕ್ಕರೆ 18 ಭಾಗ ನೀರನ್ನು ಹಿಡಿದು 360 ಭಾಗವಾಗುತ್ತದೆ. ಆದರೆ ಆ 360ರಲ್ಲಿ ಹರಳುಗಟ್ಟುವ ಸಕ್ಕರೆ ಒಂದು ಕಣವೂ ಇಲ್ಲ. ಸಿಹಿ ಉಳಿಯುತ್ತದೆ, ಸಕ್ಕರೆ ಹೋಗುತ್ತದೆ. ತಂದೆ ಕಾರ್ಖಾನೆಯ ಬಾಗಿಲಲ್ಲಿ ಸರದಿಗಾಗಿ ಕಾಯುತ್ತಿರುವಾಗ ಆ ಕಬ್ಬಿನಲ್ಲಿ ಏನು ನಡೆಯುತ್ತಿದೆ, ಘೋಷಿತವಾದ ಶೇಕಡಾ ಪ್ರಮಾಣ ಯಾವ ತೂಕದ ಮೇಲೆ ನಿಂತಿದೆ ಎಂದು ಕೇಳಬಲ್ಲ ಮಗನೋ ಮಗಳೋ ಆ ಮನೆಯಲ್ಲಿದ್ದರೆ ವಿದ್ಯೆ ಮನೆಯನ್ನು ಬೆಳಗಿದಂತಾಯಿತು. ಹಾಗೆ ಕೇಳುವ ಅಧಿಕಾರ ಬರುವುದು ತನ್ನ ಪ್ರಯೋಗಪುಸ್ತಕದಲ್ಲಿ ಸುಳ್ಳು ತೂಕವನ್ನು ಬರೆಯದವನಿಗೆ.

ಪಾಠ ಮುಗಿಸಲೇ ವೇಳೆ ಸಾಲದು, ಪರೀಕ್ಷೆಗೆ ಸೂತ್ರವೊಂದೇ ಸಾಕು ಎಂಬ ಆಕ್ಷೇಪ ಶಿಕ್ಷಕವೃಂದದಿಂದ ಬರುವುದು ಸಹಜ. ಆ ಕಷ್ಟ ಸುಳ್ಳಲ್ಲ. ಆದರೆ ಸೂತ್ರವನ್ನು ಹತ್ತು ಸಲ ಬರೆಯಿಸುವ ವೇಳೆಯಲ್ಲಿ ಒಂದು ಸಲ ತೂಗಿಸಿದರೆ ಸೂತ್ರ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಮಾಡಬೇಕಾದುದು ಬಹಳವಿಲ್ಲ. ಪ್ರಯೋಗ ಆರಂಭಿಸುವ ಮೊದಲೇ ಮೊದಲು ತೀರುವ ವಸ್ತು ಯಾವುದು, ಸೈದ್ಧಾಂತಿಕ ಇಳುವರಿ ಎಷ್ಟು ಎಂಬುದನ್ನು ವಿದ್ಯಾರ್ಥಿ ಬರೆದು ಶಿಕ್ಷಕರ ಸಹಿ ಪಡೆಯಲಿ. ತೂಗಿದ ಅಂಕಿಯನ್ನು ಶಾಯಿಯಲ್ಲಿ ಬರೆಯಲಿ. ಕೊರತೆಗೆ ಕಾರಣವನ್ನು ಎರಡು ವಾಕ್ಯಗಳಲ್ಲಿ ವಿವರಿಸಲಿ. ಅಂಕಗಳಲ್ಲಿ ಹಿರಿಯ ಪಾಲು ಆ ಎರಡು ವಾಕ್ಯಗಳಿಗೆ ಸಲ್ಲಲಿ. ಕಾರಣವನ್ನು ಅರಿತು ಬರೆದ ಶೇಕಡಾ 60, ಕಾರಣ ತಿಳಿಯದ ಶೇಕಡಾ 95ಕ್ಕಿಂತ ಮೇಲಾದುದೆಂದು ಒಮ್ಮೆ ತರಗತಿಯಲ್ಲಿ ಎಲ್ಲರ ಮುಂದೆ ತೋರಿಸಿದರೆ, ಮುಂದಿನ ವಾರ ಸುಳ್ಳು ಬರೆಯುವ ಅಗತ್ಯ ಯಾರಿಗೂ ಕಾಣದು.

ದಾನಿಗಳಲ್ಲಿಯೂ ಒಂದು ವಿನಂತಿಯುಂಟು. ವಿದ್ಯಾಸಂಸ್ಥೆಗಳಿಗೆ ಸಭಾಮಂಟಪ, ಮಹಾದ್ವಾರಗಳನ್ನು ಕಟ್ಟಿಸಿಕೊಟ್ಟವರ ಔದಾರ್ಯ ಸ್ಮರಣೀಯವಾದುದು. ಆದರೆ ಗ್ರಾಮಿನ ನೂರನೆಯ ಭಾಗವನ್ನು ತಪ್ಪದೆ ತೋರಿಸುವ ನಾಲ್ಕು ತಕ್ಕಡಿಗಳೂ ಪುಡಿಯನ್ನು ಒಣಗಿಸುವ ಒಂದು ಒಲೆಯೂ ಮಹಾದ್ವಾರದ ಒಂದು ಕಂಬದ ಬೆಲೆಗೆ ದೊರೆಯುತ್ತವೆ. ಅವುಗಳ ಮೇಲೆ ಶಿಲಾಫಲಕ ಕೂರದು. ಆದರೆ ಅವಿಲ್ಲದ ಪ್ರಯೋಗಶಾಲೆಯಲ್ಲಿ ಪ್ರಾಮಾಣಿಕನಾದ ಹುಡುಗನೂ ಊಹೆಯ ಅಂಕಿ ಬರೆಯಬೇಕಾಗುತ್ತದೆ. ತಕ್ಕಡಿಯನ್ನು ಕೊಡದೆ ಸತ್ಯವನ್ನು ಬರೆಯೆಂದು ಬೋಧಿಸುವುದು ನೇಗಿಲು ಕೊಡದೆ ಉಳುವೆಂದಂತೆ. ಕಾರ್ಖಾನೆಗಳಲ್ಲಿಯೂ ಔಷಧಾಲಯಗಳಲ್ಲಿಯೂ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು, ಇಳುವರಿಯ ಒಂದು ಅಂಶ ತಪ್ಪಿದರೆ ತಮ್ಮ ಕೆಲಸದಲ್ಲಿ ಏನಾಗುತ್ತದೆಯೆಂದು ಹೇಳಿದರೆ, ಅದು ನಗದಿಗಿಂತ ಕಡಿಮೆಯ ದಾನವಲ್ಲ.

ಕಡೆಯದಾಗಿ, ಈ ಲೆಕ್ಕ ಹುಡುಗರನ್ನು ಮಾತ್ರವಲ್ಲ, ಶಾಲೆಗಳನ್ನೂ ಅಳೆಯುತ್ತದೆ. ಶೇಕಡಾ ಇಳುವರಿಯಲ್ಲಿ ಭಾಗಿಸುವ ಸಂಖ್ಯೆ ಆರಂಭದಲ್ಲಿ ತೆಗೆದುಕೊಂಡ ವಸ್ತುವಿನಿಂದ ಬರತಕ್ಕದ್ದು. ನಡುವೆ ಚೆಲ್ಲಿಹೋದದ್ದನ್ನು ಕಳೆದು, ಉಳಿದದ್ದರ ಮೇಲೆ ಲೆಕ್ಕ ಹಾಕುವಂತಿಲ್ಲ. ಎಷ್ಟೋ ಶಾಲೆಗಳ ವಾರ್ಷಿಕ ವರದಿಗಳಲ್ಲಿ ‘ಶೇಕಡಾ ನೂರು ಫಲಿತಾಂಶ’ ಎಂಬ ಮಾತು ಹೆಮ್ಮೆಯಿಂದ ಅಚ್ಚಾಗುತ್ತದೆ. ಅದು ಪರೀಕ್ಷೆಗೆ ಕುಳಿತವರ ನೂರೋ, ಅಥವಾ ಎಂಟನೆಯ ತರಗತಿಗೆ ಸೇರಿದವರ ನೂರೋ? ಸುಗ್ಗಿಯಲ್ಲಿ ಕೂಲಿಗೆ ಹೋದ ಹುಡುಗ, ಮದುವೆಯಾಗಿ ಹೋದ ಹುಡುಗಿ, ಸೋಲುವನೆಂದು ಹಿಂದೆ ನಿಲ್ಲಿಸಲ್ಪಟ್ಟವನು, ಇವರೆಲ್ಲ ಆರಂಭದಲ್ಲಿ ತೂಗಿದ ವಸ್ತುವಿನಲ್ಲಿ ಇದ್ದವರೇ. ಮಕ್ಕಳು ರಾಸಾಯನಿಕ ವಸ್ತುಗಳಲ್ಲ. ಅವರಿಗೆ ಮೇಲ್ಮಿತಿಯನ್ನು ಎಳೆಯುವ ಸೂತ್ರವಿಲ್ಲ, ಇರಲೂಬಾರದು. ಆದರೆ ಅವರ ಎಣಿಕೆಯಲ್ಲಿ ಪ್ರಯೋಗಶಾಲೆಗಿಂತ ಕಡಿಮೆ ಪ್ರಾಮಾಣಿಕತೆ ಸಲ್ಲದು. ಸೇರಿದವರೆಷ್ಟು, ದಡ ಸೇರಿದವರೆಷ್ಟು, ನಡುವೆ ಬಿಟ್ಟವರು ಎಲ್ಲಿದ್ದಾರೆ ಎಂಬ ಮೂರು ಸಾಲುಗಳನ್ನು ಪ್ರತಿ ವರ್ಷ ಬರೆದಿಡುವ ಶಾಲೆ, ಕಳೆದುಹೋದ ಐದು ಭಾಗವನ್ನು ಹುಡುಕಿದ ಪಾಶ್ಚರನ ದಾರಿಯಲ್ಲಿ ನಡೆದಂತೆ. ಆ ಮೂರು ಸಾಲುಗಳನ್ನು ಓದಿದವರು ಯಾರಾದರೂ ನಡುವೆ ಬಿಟ್ಟ ಮಕ್ಕಳ ಮನೆಯ ಬಾಗಿಲಿಗೆ ಹೋಗದೆ ಇರಲಾರರು.